ಜೋಡಿ ನೋಡಿ ಕೊಳ್ಳಬೇಕು

ಚಿಕ್ಕಂದಿನಲ್ಲಿ, ನಮ್ಮ ತಂದೆಯವರು ಎತ್ತು ಕೊಳ್ಳಲು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಬೆನ್ನಿನ ಮೇಲೆ ಹೊಳೆಯುವ ಬಟ್ಟೆ ಹೊದಿಸಿ ನಿಲ್ಲಿಸಿದ ಎತ್ತುಗಳನ್ನು ಕಂಡು ನಾನು ಬೆರಗಾಗಿ ನಿಲ್ಲುತ್ತಿದ್ದೆ. ತಂದೆಯವರಾದರೋ ಆ ಅಲಂಕಾರದ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಬಾಯಿ ತೆರೆಯಿಸಿ ಹಲ್ಲು ನೋಡುವರು, ಗೊರಸು ನೋಡುವರು, ನಾಲ್ಕು ಹೆಜ್ಜೆ ನಡೆಸಿ ನೋಡುವರು. ಕಡೆಗೆ ತಮ್ಮೊಳಗೆ ತಾವೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಮಾತ್ರ ಒಂದೇ: “ನಮ್ಮ ಮನೆಯಲ್ಲಿರೋ ಎತ್ತಿಗೆ ಇದು ಜೋಡಿ ಆದೀತಾ?” ಎತ್ತು ಎಷ್ಟೇ ಬಲವಾಗಿದ್ದರೂ ಎತ್ತರವೂ ನಡಿಗೆಯೂ ಹೊಂದದಿದ್ದರೆ ನೊಗ ವಾಲುವುದು, ನೇಗಿಲು ಸೊಟ್ಟಗಾಗುವುದು, ಎರಡು ಎತ್ತುಗಳೂ ಕೆಡುವುವು ಎಂಬುದು ಅವರು ಹೊಲದಲ್ಲಿ ಕಲಿತ ಪಾಠ.

ನಮ್ಮ ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಮ್ಮ ಮನೆತನದಲ್ಲಿ ಪದವಿಯ ಬಾಗಿಲವರೆಗೆ ಬಂದವಳು ನಾನೇ ಮೊದಲನೆಯವಳು. ಆದರೂ ಒಂದು ವಸ್ತುವನ್ನು ಹೇಗೆ ಕೊಳ್ಳಬೇಕೆಂಬ ವಿಷಯದಲ್ಲಿ, ಓದಿದವರಾದ ನಮಗಿಂತ ಅವರೇ ಹೆಚ್ಚು ಬಲ್ಲವರೆಂದು ನನಗೆ ಈಚೆಗೆ ತೋರತೊಡಗಿದೆ. ಈ ಯಂತ್ರಯುಗದಲ್ಲಿ ಗಣಕಯಂತ್ರವಾಗಲಿ, ಅದರ ಉಪಕರಣವಾಗಲಿ, ತಂತ್ರಾಂಶವಾಗಲಿ ಕೊಳ್ಳಲು ಹೊರಟ ನಾವು ಬಹುಮಟ್ಟಿಗೆ ಬಣ್ಣ ಬಳಿದ ಕೊಂಬನ್ನೇ ನೋಡುತ್ತೇವೆ, ಜೋಡಿಯನ್ನು ನೋಡುವುದಿಲ್ಲ. ಇದು ನನ್ನ ದೂರು. ಈ ದೂರಿಗೆ ಸಾಕ್ಷಿಯಾಗಿ ನಾನು ವಾಚಕರ ಮುಂದೆ ನಿಲ್ಲಿಸಬಯಸುವುದು ಒಂದು ಹಳೆಯ ವಸ್ತುವನ್ನು: ಫ್ಯಾಕ್ಸ್ ಮೋಡೆಮನ್ನು.

“ಈ ಕಾಲದಲ್ಲಿ ಫ್ಯಾಕ್ಸಿನ ಮಾತೇಕೆ?” ಎಂದು ಮಿತ್ರರು ನಗಬಹುದು. ನಗಲಿ, ನಾನೂ ಮೊದಲು ನಕ್ಕವಳೇ.

ಕಾಲೇಜು ಬಿಟ್ಟ ಮೇಲೆ ಸಂಜೆ ಎರಡು ಗಂಟೆಯ ಕಾಲ ನಾನು ಪೇಟೆಯ ಒಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕಳೆದ ವರ್ಷ ಆಯುಧಪೂಜೆಗೆಂದು ಅಂಗಡಿಯ ಅಟ್ಟವನ್ನು ಗುಡಿಸುವಾಗ, ಪುಸ್ತಕದಷ್ಟು ದೊಡ್ಡದಾದ, ಮುಂದುಗಡೆ ಸಾಲುದೀಪಗಳುಳ್ಳ ಒಂದು ಕಪ್ಪು ಪೆಟ್ಟಿಗೆಯೂ, ಅದರ ಪಕ್ಕದಲ್ಲಿ ಒಂದು ಹಸಿರು ಹಲಗೆಯಂಥ ಕಾರ್ಡೂ ಸಿಕ್ಕಿದುವು. “ಇವೇನು ಸಾರ್, ಎಸೆಯಲೆ?” ಎಂದೆ. ನಮ್ಮ ಯಜಮಾನರು ಕಾರ್ಡನ್ನು ತೋರಿಸಿ, “ಅದನ್ನ ಎಸಿ, ಪೀಡೆ ಹೋಗಲಿ. ಆ ಪೆಟ್ಟಿಗೆ ಮಾತ್ರ ಇಲ್ಲಿ ಕೊಡಮ್ಮ. ಅದು ಅನ್ನ ಹಾಕಿದ್ದು” ಎಂದು ಅದನ್ನು ಒರೆಸಿ, ಕುಂಕುಮವಿಟ್ಟು, ಉಳಿದ ಯಂತ್ರಗಳ ಜೊತೆಯಲ್ಲಿ ಪೂಜೆಗೆ ಇಟ್ಟರು. ಎರಡೂ ಫ್ಯಾಕ್ಸ್ ಮೋಡೆಮುಗಳೇ. ಒಂದಕ್ಕೆ ಪೂಜೆ, ಇನ್ನೊಂದಕ್ಕೆ ಶಾಪ ಏಕೆಂದು ಕೇಳಿದಾಗ ಅವರು ಹೇಳಿದ ಕಥೆಯೇ ಈ ಬರಹಕ್ಕೆ ಮೂಲ.

1998ರಲ್ಲಿ ಅವರು ಅಂಗಡಿಗೆ ಮೊದಲ ಗಣಕಯಂತ್ರವನ್ನು ತಂದರಂತೆ. ನಮ್ಮ ದೊಡ್ಡಬಳ್ಳಾಪುರವು ಮಗ್ಗದ ಊರೆಂಬುದು ಎಲ್ಲರಿಗೂ ತಿಳಿದದ್ದೇ ಸರಿಯಷ್ಟೆ. ಸೀರೆಯ ಆರ್ಡರು, ದರಪಟ್ಟಿ, ಲೆಕ್ಕದ ಕಾಗದ ಇವೆಲ್ಲ ಬೆಂಗಳೂರಿನ ವ್ಯಾಪಾರಿಗಳಿಗೆ ಫ್ಯಾಕ್ಸಿನಲ್ಲಿ ಹೋಗುತ್ತಿದ್ದ ಕಾಲ ಅದು. ಬೇರೆಯಾಗಿ ಒಂದು ಫ್ಯಾಕ್ಸ್ ಯಂತ್ರ ಕೊಳ್ಳಲು ಅವರ ಕೈಯಲ್ಲಿ ಹಣವಿರಲಿಲ್ಲ. ಗಣಕಯಂತ್ರದಲ್ಲಿಯೇ ಒಂದು ಮೋಡೆಮ್ ಹಾಕಿಸಿದರೆ ಅದೇ ಫ್ಯಾಕ್ಸ್ ಯಂತ್ರವಾಗುವುದೆಂದು ಯಾರೋ ಹೇಳಿದರು. ಗಣಕದ ಸೊನ್ನೆ ಒಂದುಗಳನ್ನು ದೂರವಾಣಿ ತಂತಿಯ ಮೇಲೆ ಹೋಗಬಲ್ಲ ಧ್ವನಿಯಾಗಿ ಮಾರ್ಪಡಿಸುವುದು, ಬಂದ ಧ್ವನಿಯನ್ನು ಮತ್ತೆ ಸೊನ್ನೆ ಒಂದುಗಳಾಗಿ ಬಿಡಿಸುವುದು ಮೋಡೆಮಿನ ಕೆಲಸ. ಅಗ್ಗವೆಂದು ಅವರು ಮೊದಲು ಕೊಂಡದ್ದು ಆ ಹಸಿರು ಕಾರ್ಡನ್ನು. ಅದರ ಡಬ್ಬದ ಮೇಲೆ 56,000 ಎಂದು ದೊಡ್ಡದಾಗಿ ಅಚ್ಚಾಗಿತ್ತು. ಜೊತೆಯಲ್ಲಿ ಫ್ಯಾಕ್ಸ್ ಕಳುಹಿಸುವ ತಂತ್ರಾಂಶದ ತಟ್ಟೆಯೊಂದು ಉಚಿತ.

ಇಲ್ಲಿಂದ ಮುಂದೆ ಅವರು ಪಟ್ಟ ಪಾಡನ್ನು ನಾನು ಕ್ರಮವಾಗಿ ಹೇಳುತ್ತೇನೆ. ಏಕೆಂದರೆ ಒಂದೊಂದು ಪಾಡಿನಲ್ಲಿಯೂ ನಮಗೆ ಒಂದೊಂದು ನೀತಿಯುಂಟು.

ಮೊದಲನೆಯದು ವೇಗದ ಭ್ರಮೆ. 56,000 ಎಂಬ ಸಂಖ್ಯೆ ಸುಳ್ಳಲ್ಲ; ಆದರೆ ಅದು ಅಂತರಜಾಲದಿಂದ ನಮ್ಮ ಕಡೆಗೆ ಬರುವ ಮಾಹಿತಿಯ ಗರಿಷ್ಠ ವೇಗ. ವಿ.90 ಎಂಬ ಈ ಮಾನಕ ಹೊರಬಂದದ್ದು 1998ರಲ್ಲಿ. ಅದೇ ಮೋಡೆಮ್ ಫ್ಯಾಕ್ಸ್ ಕಳುಹಿಸುವಾಗ ಸಾಮಾನ್ಯವಾಗಿ ವಿ.17 ಎಂಬ ಬೇರೊಂದು ಮಾನಕವನ್ನು ಹಿಡಿಯುತ್ತದೆ. ಅದರ ಮಿತಿ ಸೆಕೆಂಡಿಗೆ 14,400 ಬಿಟ್. ಆ ತುದಿಯಲ್ಲಿರುವ ಯಂತ್ರ ಹಳೆಯದಾಗಿದ್ದು 9,600ಕ್ಕೆ ಮಾತ್ರ ಸಮರ್ಥವಾಗಿದ್ದರೆ, ನಮ್ಮ ಯಂತ್ರವೂ ತಗ್ಗಿ 9,600ರಲ್ಲಿಯೇ ಮಾತನಾಡಬೇಕು. ಬಿರುಸಾಗಿ ನಡೆಯುವವನು ಮುದುಕನ ಜೊತೆಯಲ್ಲಿ ಜಾತ್ರೆಗೆ ಹೊರಟರೆ ಮುದುಕನ ಹೆಜ್ಜೆಯೇ ಇಬ್ಬರ ಹೆಜ್ಜೆಯಾಗುವುದಷ್ಟೆ. ಆದುದರಿಂದ ಫ್ಯಾಕ್ಸಿಗಾಗಿಯೇ ಮೋಡೆಮ್ ಕೊಳ್ಳುವವನು ಹೆಚ್ಚು ವೇಗಕ್ಕೆಂದು ಹೆಚ್ಚು ಹಣ ತೆತ್ತರೆ ಅದು ಬಹುಮಟ್ಟಿಗೆ ವ್ಯರ್ಥ.

ಎರಡನೆಯದು ದುಡಿಮೆಯ ಪ್ರಶ್ನೆ. ಮೋಡೆಮುಗಳಲ್ಲಿ ಎರಡು ಜಾತಿ. ಒಂದು ತನ್ನ ಕೆಲಸವನ್ನು ತನ್ನೊಳಗಿನ ಚಿಪ್ಪುಗಳಿಂದಲೇ ಮಾಡಿಕೊಳ್ಳುವಂಥದು. ಇನ್ನೊಂದು ಅಗ್ಗದ್ದು, ಅದು ಹೆಸರಿಗೆ ಮೋಡೆಮ್, ಧ್ವನಿಯನ್ನು ಕಟ್ಟಿ ಬಿಡಿಸುವ ದುಡಿಮೆಯೆಲ್ಲ ಗಣಕಯಂತ್ರದ ಸಂಸ್ಕಾರಕದ್ದೇ. ಇದನ್ನು ತಂತ್ರಾಂಶ ಮೋಡೆಮ್ ಎನ್ನಬಹುದು. ನಮ್ಮ ಯಜಮಾನರು ಕೊಂಡದ್ದು ಇಂಥದನ್ನು. ಒಂದು ಕಡೆ ಫ್ಯಾಕ್ಸ್ ಹೋಗುತ್ತಿರುವಾಗ ಇನ್ನೊಂದು ಕಡೆ ಅವರು ಅರ್ಜಿಯೊಂದನ್ನು ಟೈಪು ಮಾಡಲು ಕುಳಿತರೆ, ಆ ಕಾಲದ ಸಣ್ಣ ಸಂಸ್ಕಾರಕ ಎರಡನ್ನೂ ತೂಗಲಾರದೆ, ಪುಟ ಅರ್ಧಕ್ಕೆ ಬಂದಾಗ ಕರೆ ಕಡಿದುಹೋಗುತ್ತಿತ್ತಂತೆ. ಕರೆಯ ಹಣ ಹೋಯಿತು, ಗಿರಾಕಿಯೂ ಹೋದ.

ಇದಕ್ಕಿಂತ ದೊಡ್ಡ ಕೇಡು ಮುಂದೆ ಕಾದಿತ್ತು. ಇಂಥ ಮೋಡೆಮಿಗೆ ಅದರ ತಯಾರಕರು ಬರೆದುಕೊಟ್ಟ ಚಾಲಕ ತಂತ್ರಾಂಶವಿಲ್ಲದೆ ಜೀವವಿಲ್ಲ. ಅವರು ಅದನ್ನು ವಿಂಡೋಸ್ 98ಕ್ಕೆ ಮಾತ್ರ ಬರೆದಿದ್ದರು. 2002ರಲ್ಲಿ ಯಜಮಾನರು ಗಣಕಯಂತ್ರವನ್ನು ಬದಲಿಸಿ ವಿಂಡೋಸ್ ಎಕ್ಸ್‌ಪಿಗೆ ಬಂದಾಗ, ಕಾರ್ಡಿಗೆ ಹೊಸ ಚಾಲಕ ಬರಲೇ ಇಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಕಾರ್ಡು ಕೆಟ್ಟಿರಲಿಲ್ಲ, ಅದಕ್ಕೆ ಜೋಡಿ ಇರಲಿಲ್ಲ, ಅಷ್ಟೆ. ಅದು ಅಟ್ಟ ಸೇರಿತು.

ಆಗ ಅವರು ಸಾಲ ಮಾಡಿ ತಂದದ್ದು ಆ ಕಪ್ಪು ಪೆಟ್ಟಿಗೆಯನ್ನು. ಅದು ಹೊರಗೆ ಕುಳಿತು ಒಂದು ಕೇಬಲ್ಲಿನ ಮೂಲಕ ಗಣಕದೊಡನೆ ಮಾತನಾಡುವಂಥದು. ತನ್ನ ದುಡಿಮೆಯನ್ನು ತಾನೇ ದುಡಿಯುವಂಥದು. ಗಣಕವು ಅದಕ್ಕೆ ಅಪ್ಪಣೆ ಕೊಡುವುದು ಎಟಿ ಎಂಬ ಎರಡಕ್ಷರದಿಂದ ಆರಂಭವಾಗುವ ಚಿಕ್ಕ ಚಿಕ್ಕ ಆಜ್ಞೆಗಳಿಂದ. ಈ ಆಜ್ಞಾಭಾಷೆ 1981ರಲ್ಲಿ ಹೇಯ್ಸ್ ಎಂಬ ಅಮೆರಿಕದ ಸಂಸ್ಥೆಯ ಮೋಡೆಮಿನೊಡನೆ ಹುಟ್ಟಿ, ಬರಬರುತ್ತ ಉಳಿದ ತಯಾರಕರೆಲ್ಲರೂ ಒಪ್ಪಿದ ಭಾಷೆಯಾಯಿತು. ಆದುದರಿಂದ ಮೂರು ಗಣಕಯಂತ್ರಗಳು ಬದಲಾದರೂ ಪೆಟ್ಟಿಗೆ ಬದಲಾಗಲಿಲ್ಲ. ಹತ್ತು ವರ್ಷಕ್ಕೂ ಮೇಲ್ಪಟ್ಟು ಅದು ಅವರ ಅಂಗಡಿಯಲ್ಲಿ ದುಡಿಯಿತು. ಕುಂಕುಮಕ್ಕೆ ಅದು ಅರ್ಹವೇ ಸರಿ.

ಮೂರನೆಯದು ತಂತ್ರಾಂಶದ ವಿಚಾರ. ಉಚಿತವಾಗಿ ಬಂದ ತಟ್ಟೆಯಲ್ಲಿದ್ದದ್ದು ರೆಕ್ಕೆ ಕತ್ತರಿಸಿದ ಆವೃತ್ತಿ. ಪೂರ್ಣ ಆವೃತ್ತಿಗೆ ಬೇರೆ ಹಣ. ಅದಲ್ಲದೆ ಫ್ಯಾಕ್ಸ್ ಮೋಡೆಮುಗಳಿಗೆ ಕ್ಲಾಸ್ 1, ಕ್ಲಾಸ್ 2, ಕ್ಲಾಸ್ 2.0 ಎಂಬ ಭೇದಗಳುಂಟು. ಕ್ಲಾಸ್ 1ರಲ್ಲಿ ಫ್ಯಾಕ್ಸಿನ ಕಟ್ಟುಕಟ್ಟಲೆಗಳನ್ನು ನಡೆಸುವ ಹೊಣೆ ಬಹುಪಾಲು ತಂತ್ರಾಂಶದ್ದು. ಉಳಿದೆರಡರಲ್ಲಿ ಹೆಚ್ಚಿನ ಹೊಣೆ ಮೋಡೆಮಿನದೇ. ಹೆಸರಿನಲ್ಲಿ 2 ಎಂದಿರುವುದರಿಂದ ಅದು 1ಕ್ಕಿಂತ ಉತ್ತಮವೆಂದು ತಿಳಿದವರು ಅನೇಕರು. ಆದರೆ ಕ್ಲಾಸ್ 2 ಎಂಬುದು ಕರಡಿನ ಹಂತದಲ್ಲಿಯೇ ತಯಾರಕರ ಕೈಗೆ ಬಿದ್ದು, ಒಬ್ಬೊಬ್ಬರದು ಒಂದೊಂದು ರೀತಿಯಾಯಿತು. ಸಾಮಾನ್ಯವಾದ ಕ್ಲಾಸ್ 1ನ್ನು ಹೆಚ್ಚು ತಂತ್ರಾಂಶಗಳು ಬಲ್ಲವು. ಇಲ್ಲಿಯೂ ಮುಖ್ಯವಾದದ್ದು ದೊಡ್ಡ ಸಂಖ್ಯೆಯಲ್ಲ, ಜೋಡಿಯೇ.

ನಾಲ್ಕನೆಯದು ಕೆಲಸದ ಸ್ವರೂಪವನ್ನು ಅರಿಯದೆ ಸಾಧನವನ್ನು ಕೊಳ್ಳುವ ತಪ್ಪು. ಗಣಕದೊಳಗೆ ಟೈಪು ಮಾಡಿದ ಕಾಗದವನ್ನು ಮೋಡೆಮ್ ಕಳುಹಿಸಬಲ್ಲುದು. ಗಿರಾಕಿ ಸಹಿ ಮಾಡಿ ತಂದ ಕಾಗದವನ್ನು ಅದು ನೋಡಲಾರದು. ಅದಕ್ಕೆ ಕಣ್ಣು ಬೇಕು, ಎಂದರೆ ಸ್ಕ್ಯಾನರ್ ಬೇಕು. ರಾತ್ರಿ ಬರುವ ಫ್ಯಾಕ್ಸನ್ನು ಹಿಡಿಯಬೇಕಾದರೆ ಗಣಕಯಂತ್ರ ಇಡೀ ರಾತ್ರಿ ಎದ್ದಿರಬೇಕು. ಅಂಗಡಿಗೆ ಬಂದವರಲ್ಲಿ ಮುಕ್ಕಾಲು ಪಾಲು ಜನ ಸಹಿ ಮಾಡಿದ ಕಾಗದ ತಂದವರೇ. ಸ್ಕ್ಯಾನರ್ ಸೇರಿಸಿ ಲೆಕ್ಕ ಹಾಕಿದಾಗ, ಅಗ್ಗವೆಂದು ಹಿಡಿದ ದಾರಿ ಅಷ್ಟೇನೂ ಅಗ್ಗವಾಗಿರಲಿಲ್ಲವೆಂದು ಯಜಮಾನರೇ ಒಪ್ಪುತ್ತಾರೆ.

ಇಷ್ಟನ್ನು ಕೇಳಿದ ಮೇಲೆ ನನಗೆ ಫ್ಯಾಕ್ಸಿನ ಬಗ್ಗೆ ಕುತೂಹಲ ಹುಟ್ಟಿ, ಗ್ರಂಥಾಲಯದಲ್ಲಿ ಹುಡುಕಿ ಓದಿದೆ. ಅಲೆಗ್ಸಾಂಡರ್ ಬೇನ್ ಎಂಬ ಸ್ಕಾಟ್ಲೆಂಡಿನ ಗಡಿಯಾರ ಕಸುಬಿನವನು ಚಿತ್ರವನ್ನು ತಂತಿಯ ಮೇಲೆ ಕಳುಹಿಸುವ ಉಪಾಯಕ್ಕೆ ಪೇಟೆಂಟ್ ಪಡೆದದ್ದು 1843ರಲ್ಲಿ. ಎಂದರೆ ಬೆಲ್ ಮಹಾಶಯನು 1876ರಲ್ಲಿ ದೂರವಾಣಿಗೆ ಪೇಟೆಂಟ್ ಪಡೆಯುವುದಕ್ಕೆ ಮೂವತ್ತಮೂರು ವರ್ಷ ಮೊದಲು! ಇಟಲಿಯ ಕಸೆಲ್ಲಿ ಎಂಬಾತನ ಯಂತ್ರದಿಂದ 1865ರಲ್ಲಿಯೇ ಪ್ಯಾರಿಸ್ಸಿಗೂ ಲಿಯಾನಿಗೂ ನಡುವೆ ಈ ಸೇವೆ ನಡೆಯಿತು. ಹಾಗಿದ್ದೂ ಫ್ಯಾಕ್ಸ್ ಲೋಕವ್ಯಾಪಿಯಾದದ್ದು 1980ರ ನಂತರವೇ. ನೂರಮೂವತ್ತು ವರ್ಷಗಳಿಗೂ ಮಿಕ್ಕಿ ಅದು ಏಕೆ ಕಾಯಬೇಕಾಯಿತು?

ಕಾರಣಗಳು ಹಲವಿರಬಹುದು, ಅವುಗಳಲ್ಲಿ ಪ್ರಧಾನವಾದದ್ದು ಮಾನಕದ ಕೊರತೆಯೆಂದು ನನ್ನ ಅಭಿಪ್ರಾಯ. ಒಬ್ಬ ತಯಾರಕನ ಯಂತ್ರ ಮತ್ತೊಬ್ಬನ ಯಂತ್ರದೊಡನೆ ಮಾತನಾಡುತ್ತಿರಲಿಲ್ಲ. 1968ರ ಮೊದಲ ಅಂತಾರಾಷ್ಟ್ರೀಯ ಮಾನಕದಲ್ಲಿ ಒಂದು ಪುಟಕ್ಕೆ ಆರು ನಿಮಿಷ, 1976ರ ಎರಡನೆಯದರಲ್ಲಿ ಮೂರು ನಿಮಿಷ ಹಿಡಿಯುತ್ತಿತ್ತು. 1980ರಲ್ಲಿ ಗ್ರೂಪ್ 3 ಎಂಬ ಮಾನಕವನ್ನು ರಾಷ್ಟ್ರಗಳೆಲ್ಲ ಸೇರಿ ಒಪ್ಪಿದುವು. ಪುಟವೊಂದಕ್ಕೆ ಸುಮಾರು ಒಂದು ನಿಮಿಷ ಸಾಕಾಯಿತು. ಇದರ ಲೆಕ್ಕ ಸ್ವಾರಸ್ಯವಾಗಿದೆ. ಪುಟದ ಒಂದು ಗೆರೆಯಲ್ಲಿ 1,728 ಬಿಂದುಗಳು. ಎ4 ಕಾಗದದ ಉದ್ದಕ್ಕೆ ಸುಮಾರು 1,140 ಗೆರೆಗಳು. ಎಂದರೆ ಒಟ್ಟು ಇಪ್ಪತ್ತು ಲಕ್ಷದಷ್ಟು ಬಿಂದುಗಳು. ಒಂದೊಂದನ್ನೂ ಸೆಕೆಂಡಿಗೆ 9,600ರಂತೆ ಕಳುಹಿಸಿದರೆ ಮೂರೂವರೆ ನಿಮಿಷ ಬೇಕು. ಆದರೆ ಗ್ರೂಪ್ 3 ಯಂತ್ರವು ‘ಬಿಳಿ, ಬಿಳಿ, ಬಿಳಿ’ ಎಂದು ಒಂದೊಂದನ್ನೂ ಹೆಸರಿಸದೆ, ‘ಇಷ್ಟು ಬಿಳಿ, ಆಮೇಲೆ ಇಷ್ಟು ಕಪ್ಪು’ ಎಂದು ಒಟ್ಟಾಗಿ ಹೇಳುತ್ತದೆ. ಕಣದಲ್ಲಿ ರಾಗಿಯ ಕಾಳನ್ನು ಎಣಿಸದೆ ಮೂಟೆಯನ್ನು ಎಣಿಸಿದಂತೆ. ಯಂತ್ರಗಳು ಒಂದೇ ಮಾತನ್ನು ಒಪ್ಪಿದ ಮೇಲೆ ಟೋಕಿಯೋದ ಯಂತ್ರ ದೊಡ್ಡಬಳ್ಳಾಪುರದ ಪೆಟ್ಟಿಗೆಯೊಡನೆ ಮಾತನಾಡಬಲ್ಲುದಾಯಿತು. ಕೊಳ್ಳುವವನಿಗೆ ಇಂಥ ಒಪ್ಪಂದಕ್ಕಿಂತ ದೊಡ್ಡ ರಕ್ಷಣೆ ಮತ್ತೊಂದಿಲ್ಲ. ಯಾವ ಅಂಗಡಿ ಮುಚ್ಚಿದರೂ, ಯಾವ ತಯಾರಕ ಕೈಯೆತ್ತಿದರೂ ಅವನ ವಸ್ತು ಮೂಕವಾಗದು.

ಇನ್ನೊಂದು ಮಾತು. ಕನ್ನಡಿಗರಾದ ನಮಗೆ ಫ್ಯಾಕ್ಸಿನಲ್ಲಿ ವಿಶೇಷವಾದ ಅನುಕೂಲವೊಂದಿತ್ತು. ಅದನ್ನು ನಾವು ಗಮನಿಸಿದಂತಿಲ್ಲ. ತಂತಿ ವಾರ್ತೆಯ ಮೋರ್ಸ್ ಸಂಕೇತ ಹುಟ್ಟಿದ್ದು ರೋಮನ್ ಅಕ್ಷರಗಳಿಗಾಗಿ. ಫ್ಯಾಕ್ಸ್ ಕಳುಹಿಸುವುದಾದರೋ ಅಕ್ಷರವನ್ನಲ್ಲ, ಅಕ್ಷರದ ಚಿತ್ರವನ್ನು. ಚಿತ್ರಕ್ಕೆ ಭಾಷೆಯ ಭೇದವಿಲ್ಲ. ಸಾವಿರಾರು ಲಿಪಿಚಿಹ್ನೆಗಳುಳ್ಳ ಜಪಾನಿನಲ್ಲಿ ಫ್ಯಾಕ್ಸ್ ಅಷ್ಟೊಂದು ಬೇರೂರಿದ್ದಕ್ಕೆ ಇದೂ ಒಂದು ಕಾರಣ. ಅಲ್ಲಿ 2020ರ ಕೊರೋನಾ ಕಾಲದಲ್ಲಿಯೂ ಆಸ್ಪತ್ರೆಗಳು ಕೈಬರಹದ ವರದಿಗಳನ್ನು ಫ್ಯಾಕ್ಸಿನಲ್ಲಿ ಕಳುಹಿಸುತ್ತಿದ್ದುವು. ನಮ್ಮ ಯಜಮಾನರು ಕನ್ನಡದ ಕಾಗದ ಕಳುಹಿಸುವಾಗ ಒಂದು ನಿಯಮವಿಟ್ಟುಕೊಂಡಿದ್ದರು: ಅಕ್ಷರ ದೊಡ್ಡದಾಗಿರಬೇಕು, ಯಂತ್ರವನ್ನು ‘ಫೈನ್’ ಎಂಬ ಕ್ರಮದಲ್ಲಿ ಇಡಬೇಕು. ಸಾಮಾನ್ಯ ಕ್ರಮದಲ್ಲಿ ಮಿಲಿಮೀಟರಿಗೆ ನಾಲ್ಕಕ್ಕಿಂತ ಕಡಿಮೆ ಗೆರೆಗಳು. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಕುಳಿತಿರುವುದರಿಂದ ಅವು ಕಲಸಿಹೋಗುತ್ತವೆ. ಗೆರೆಗಳನ್ನು ಇಮ್ಮಡಿ ಮಾಡಿದರೆ ಉಳಿಯುತ್ತವೆ. ಇದನ್ನು ಯಾವ ಡಬ್ಬದ ಮೇಲೂ ಬರೆದಿರಲಿಲ್ಲ. ನಮ್ಮ ಭಾಷೆಯ ಅಗತ್ಯವನ್ನು ನಾವೇ ಕಂಡುಕೊಳ್ಳಬೇಕು.

ಈಗ ನನ್ನ ಸ್ವಂತ ತಪ್ಪಿನ ಕಥೆಗೆ ಬರುತ್ತೇನೆ. ಎರಡು ವರ್ಷಗಳ ಹಿಂದೆ ನನ್ನ ತಂಗಿಯನ್ನು ಪಿ.ಯು.ಸಿ.ಗೆ ಸೇರಿಸಿ, ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿದೆವು. ಮನೆಯ ಸ್ಥಿತಿಗತಿಯನ್ನು ವಿವರಿಸುವ ಪತ್ರವನ್ನು ಓದಿದವಳಾದ ನಾನೇ ಕನ್ನಡದಲ್ಲಿ ಟೈಪು ಮಾಡಿ, ಹೆಮ್ಮೆಯಿಂದ ಇ-ಮೇಲಿನಲ್ಲಿ ಕಳುಹಿಸಿದೆ. ನಾನು ಬಳಸಿದ್ದು ಹಳೆಯ ಬಗೆಯ ಅಕ್ಷರಶೈಲಿಯನ್ನು. ಈ ಬಗೆಯಲ್ಲಿ ಗಣಕದೊಳಗೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ಆಕಾರಗಳನ್ನು ತೊಡಿಸಿರುತ್ತಾರೆ. ಅದೇ ಅಕ್ಷರಶೈಲಿ ಇರುವ ಯಂತ್ರದಲ್ಲಿ ತೆರೆದರೆ ಕನ್ನಡ. ಇಲ್ಲದ ಯಂತ್ರದಲ್ಲಿ ತೆರೆದರೆ ತಲೆಬುಡವಿಲ್ಲದ ರೋಮನ್ ಅಕ್ಷರಗಳ ರಾಶಿ. ಆ ಕಚೇರಿಯಲ್ಲಿ ನನ್ನ ಪತ್ರ ರಾಶಿಯಾಗಿ ತೆರೆಯಿತು. ‘ಅರ್ಜಿ ಅಪೂರ್ಣ’ ಎಂಬ ಷರಾ ಬಿತ್ತು. ಅದು ನಮಗೆ ತಿಳಿದು ಮತ್ತೆ ಕಾಗದ ಒಪ್ಪಿಸುವ ಹೊತ್ತಿಗೆ ಸ್ಥಾನಗಳು ತುಂಬಿದ್ದುವು. ತಂಗಿ ಆ ವರ್ಷವೆಲ್ಲ ಬೆಳಗ್ಗೆ ಆರಕ್ಕೆ ಎದ್ದು ಎರಡು ಬಸ್ಸು ಹಿಡಿದು ಕಾಲೇಜಿಗೆ ಹೋಗಿ, ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದಳು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ತಂದೆಯವರು ಮಾತ್ರ, “ನೀನು ಬರೆದದ್ದು ಅವರಿಗೆ ಓದೋಕೆ ಬರಲಿಲ್ಲವೇನವ್ವ?” ಎಂದು ಕೇಳಿದರು. ಅವರ ಕೇಳಿಕೆಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಅಚ್ಚರಿಯಿತ್ತು. ಓದುಬರಹ ಕಲಿತರೆ ಎಲ್ಲರೂ ಓದಬಲ್ಲಂತೆ ಬರೆಯಬಹುದೆಂದು ಅವರು ನಂಬಿದ್ದರು. ಅಂದು ನನಗೆ ಆದ ನಾಚಿಕೆಯನ್ನು ಹೇಳಲಾರೆ.

ಅಟ್ಟದ ಕಾರ್ಡಿನ ಕಥೆಯನ್ನು ಕೇಳುವಾಗ ನನ್ನ ಪತ್ರ ನೆನಪಾದದ್ದು ಇದರಿಂದಲೇ. ಎರಡೂ ಒಂದೇ ರೋಗ. ಕಾರ್ಡು ಒಬ್ಬನೇ ಒಡೆಯನ ಮಾತನ್ನು ಬಲ್ಲದು. ನನ್ನ ಪತ್ರವೂ ಒಂದೇ ಅಕ್ಷರಶೈಲಿಯ ಗುಲಾಮ. ಇದಕ್ಕೆ ಔಷಧ ಇರಲಿಲ್ಲವೆ? ಇತ್ತು. ಲೋಕದ ಲಿಪಿಗಳಿಗೆಲ್ಲ ಒಂದೊಂದು ಚಿಹ್ನೆಗೂ ಒಂದೊಂದು ಖಾಯಂ ಸಂಖ್ಯೆಯನ್ನು ಗೊತ್ತುಪಡಿಸುವ ಯೂನಿಕೋಡ್ ಎಂಬ ಮಾನಕ 1991ರಲ್ಲಿ ಹೊರಬಂದಾಗ ಅದರಲ್ಲಿ ಕನ್ನಡಕ್ಕೂ ಸ್ಥಾನವಿತ್ತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೂ, ಶೇಷಾದ್ರಿ ವಾಸು ಅವರ ‘ಬರಹ’ವೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಕನ್ನಡವನ್ನು ಗಣಕಕ್ಕೆ ತಂದ ಉಪಕಾರವನ್ನು ನಾವು ಮರೆಯಬಾರದು, ಇವುಗಳಲ್ಲಿ ಈಗ ಯೂನಿಕೋಡಿನಲ್ಲಿ ಬರೆಯುವ ಅವಕಾಶವೂ ಇದೆ. ಔಷಧ ಅಂಗಡಿಯಲ್ಲಿ ಇತ್ತು. ಕೇಳಿ ಕೊಳ್ಳುವ ಬುದ್ಧಿ ನನಗಿರಲಿಲ್ಲ.

2025ರ ದೀಪಾವಳಿ ಕಳೆದ ಮೇಲೆ, ಒಂದು ಬೆಳೆಯ ರೇಷ್ಮೆಗೂಡು ಮಾರಿದ ಹಣದಲ್ಲಿ ತಂದೆಯವರು 12,000 ರೂಪಾಯಿಗಳನ್ನು ನನ್ನ ಕೈಗಿಟ್ಟು, “ನಿನ್ನ ತಂಗಿಗೂ ಆಗುವಂಥದ್ದು ತಗೊಂಬಾ ಕಣವ್ವ” ಎಂದರು. ಗೂಡು ಕಟ್ಟಿಸುವ ದಿನಗಳಲ್ಲಿ ತಾಯಿಯವರು ನಿದ್ದೆಗೆಟ್ಟು ಹುಳುವಿಗೆ ಸೊಪ್ಪು ಹಾಕಿದ್ದನ್ನು ಕಂಡ ನನಗೆ, ಆ ಹಣ ಭಾರವಾಗಿಯೇ ಕಂಡಿತು. ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ಕಚೇರಿಗಳಿಂದ ಬಂದ ಹಳೆಯ ಗಣಕಯಂತ್ರಗಳ ರಾಶಿಯೇ ಇತ್ತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮಾಮೂಲಿನ ಬೆಂಬಲ ನಿಂತಿತು. ಅವುಗಳಲ್ಲಿ ಅನೇಕವು ವಿಂಡೋಸ್ 11ನ್ನು ಅಧಿಕೃತವಾಗಿ ಹೊರಲಾರದಂಥವು. ವ್ಯಾಪಾರಿಯೊಬ್ಬರು ಕಳ್ಳಪ್ರತಿಯ ತಂತ್ರಾಂಶಗಳನ್ನೆಲ್ಲ ತುಂಬಿಕೊಡುವುದಾಗಿ ಹೇಳಿ, ಮಿನುಗುವ ದೀಪಗಳ ಕೀಲಿಮಣೆಯೊಂದನ್ನು ಮುಂದಿಟ್ಟರು. ಬಣ್ಣ ಬಳಿದ ಕೊಂಬು! ನಾನು ಹಲ್ಲು ನೋಡತೊಡಗಿದೆ. ಈ ಯಂತ್ರ ಯಾರೊಡನೆಲ್ಲ ಮಾತನಾಡಬಲ್ಲುದು? ಇದರ ಒಂದು ಭಾಗ ಕೆಟ್ಟರೆ ಬೇರೆಯವರ ಭಾಗ ಕೂಡುವುದೆ? ಇದನ್ನು ಮಾರಿದವರು ನಾಳೆ ಇಲ್ಲದಿದ್ದರೂ ನಡೆಯುವುದೆ? ನನ್ನ ಭಾಷೆಯನ್ನು ಕೆಡಿಸದೆ ಸಾಗಿಸುವುದೆ?

ಕಡೆಗೆ 10,500 ರೂಪಾಯಿಗೆ ಒಂದು ಸಾಧಾರಣ ಯಂತ್ರವನ್ನು ಕೊಂಡು, ಅದಕ್ಕೆ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯನ್ನೂ, ಲಿಬ್ರೆ ಆಫೀಸನ್ನೂ ಹಾಕಿಸಿದೆ. ಎರಡೂ ಬೆಲೆಯಿಲ್ಲದೆ ದೊರೆಯುವಂಥವು, ಕಳ್ಳತನವಲ್ಲದಂಥವು. ಕನ್ನಡವನ್ನು ಯೂನಿಕೋಡಿನಲ್ಲಿ ಬರೆಯುವಂಥವು. ಇದರಲ್ಲಿ ತೊಡಕೇ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಅಂಗಡಿಯ ಹಳೆಯ ಮುದ್ರಕವೊಂದು ಇದರೊಡನೆ ಇಂದಿಗೂ ಮುನಿಸಿಕೊಂಡಿದೆ. ಪರಿಚಿತವಾದ ಪರದೆ ಇಲ್ಲವೆಂದು ತಂಗಿ ಒಂದು ವಾರ ಗೊಣಗಿದಳು. ಆದರೆ ಈ ಸಲ ಅವಳು ತಾನೇ ಬರೆದು ಕಳುಹಿಸಿದ ಅರ್ಜಿಯನ್ನು ಕಚೇರಿಯವರು ಮೊಬೈಲಿನಲ್ಲಿಯೇ ತೆರೆದು ಓದಿದರು. ಅವಳೀಗ ವಿದ್ಯಾರ್ಥಿನಿಲಯದಲ್ಲಿದ್ದಾಳೆ.

ನನ್ನ ವಾದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಫ್ಯಾಕ್ಸ್ ಸಾಯುತ್ತಿರುವ ವಿದ್ಯೆ, ಅದರಿಂದ ಕಲಿಯುವುದೇನು ಎಂಬುದು ಒಂದು. ಸಾಯುತ್ತಿರುವುದು ನಿಜ. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಸುಮಾರು 9,000 ಫ್ಯಾಕ್ಸ್ ಯಂತ್ರಗಳಿವೆಯೆಂದು 2018ರಲ್ಲಿ ಲೆಕ್ಕ ಸಿಕ್ಕಿ, ಹೊಸದನ್ನು ಕೊಳ್ಳಬಾರದೆಂದು ಅಲ್ಲಿಯ ಸರಕಾರ ಆಜ್ಞೆ ಮಾಡಿತು. ನಮ್ಮಲ್ಲಿ ತಂತಿ ಸೇವೆಯೇ 2013ರ ಜುಲೈನಲ್ಲಿ ನಿಂತುಹೋಯಿತು. ಫ್ಯಾಕ್ಸಿಗಾಗಿ ಅಳಬೇಕೆಂದು ನಾನು ಹೇಳುತ್ತಿಲ್ಲ. ಇಂದು ಯಾರಿಗಾದರೂ ಅದರ ಅಗತ್ಯ ಬಿದ್ದರೆ, ಮೊದಲು ಮನೆಯ ದೂರವಾಣಿ ತಾಮ್ರದ ತಂತಿಯದೋ, ನಾರಿನದೋ ನೋಡಿಕೊಳ್ಳಲಿ. ಮಾತನ್ನು ಹಿಂಡಿ ಕಳುಹಿಸುವ ಹೊಸ ಮಾರ್ಗಗಳಲ್ಲಿ ಫ್ಯಾಕ್ಸಿನ ಧ್ವನಿ ಕೆಡುವುದುಂಟು. ಯುಎಸ್‌ಬಿ ಮೋಡೆಮುಗಳಲ್ಲಿಯೂ ತಾನೇ ದುಡಿಯುವ ಜಾತಿ, ಗಣಕವನ್ನು ದುಡಿಸುವ ಜಾತಿ ಎಂದು ಎರಡುಂಟೆಂಬುದನ್ನು ನೆನೆಯಲಿ. ವಿಂಡೋಸಿನವರು ತಂತ್ರಾಂಶಕ್ಕೆ ಹಣ ಕೊಡುವ ಮೊದಲು ಅದರಲ್ಲಿಯೇ ಇರುವ ‘ಫ್ಯಾಕ್ಸ್ ಅಂಡ್ ಸ್ಕ್ಯಾನ್’ ಸಾಕೇ ನೋಡಲಿ. ಲಿನಕ್ಸಿನವರಿಗೆ ಹೈಲಾಫ್ಯಾಕ್ಸ್ ಉಂಟು. ಇಷ್ಟು ಹೇಳಿ ಆ ವಿಷಯವನ್ನು ಮುಗಿಸುತ್ತೇನೆ. ಸತ್ತ ವಸ್ತುವಿನಿಂದಲೂ ಕಲಿಯಬಹುದಾದ್ದರಿಂದಲೇ ಅಲ್ಲವೆ, ನಾವು ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವುದು?

ಮೊಬೈಲೊಂದಿದ್ದರೆ ಸಾಲದೆ, ಈ ವಿಚಾರಣೆಯೆಲ್ಲ ಏಕೆ ಎಂಬುದು ಎರಡನೆಯದು. ಮೊಬೈಲಿಗೂ ಈ ಪ್ರಶ್ನೆಗಳೇ ಅನ್ವಯಿಸುತ್ತವೆ. ನಾವು ಅದರಲ್ಲಿ ಕೂಡಿಟ್ಟ ಟಿಪ್ಪಣಿ, ಚಿತ್ರ, ಪತ್ರಗಳನ್ನು ನಾಳೆ ಬೇರೊಂದು ಯಂತ್ರಕ್ಕೆ ಒಯ್ಯಬಹುದೆ? ಅವು ಒಬ್ಬನೇ ಒಡೆಯನ ಕೊಟ್ಟಿಗೆಯಲ್ಲಿ ಕಟ್ಟಿದ ದನಗಳೆ? ಸಿರಿವಂತರ ಮಕ್ಕಳು ತಪ್ಪು ವಸ್ತು ಕೊಂಡರೆ ಮತ್ತೊಂದನ್ನು ಕೊಂಡಾರು. ಒಂದು ಬೆಳೆಯ ಗೂಡು ಮಾರಿ ಕೊಳ್ಳುವ ಮನೆಯವರಿಗೆ ಎರಡನೆಯ ಅವಕಾಶವಿಲ್ಲ. ನಮ್ಮ ಕಾಲೇಜಿನಲ್ಲಿ ಓದುವವರಲ್ಲಿ ಅಂಥ ಮನೆಯವರೇ ಹೆಚ್ಚು.

ಆದುದರಿಂದ ಅಧ್ಯಾಪಕ ವರ್ಗದವರಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನ ವಿನಂತಿ ಇಷ್ಟೆ. ಗಣಕಯಂತ್ರವನ್ನು ನಡೆಸುವುದನ್ನು ನಮಗೆ ಕಲಿಸುತ್ತಾರೆ; ಆರಿಸುವುದನ್ನು ಯಾರೂ ಕಲಿಸುವುದಿಲ್ಲ. ಪ್ರತಿ ವರ್ಷ ತರಗತಿಗಳು ಆರಂಭವಾದೊಡನೆ ಒಂದು ಮಧ್ಯಾಹ್ನವನ್ನು ಇದಕ್ಕೆ ಮೀಸಲಿಡಬೇಕು. ಯಂತ್ರ ಕೊಂಡು ಕೈಸುಟ್ಟುಕೊಂಡ ಹಿರಿಯ ವಿದ್ಯಾರ್ಥಿಗಳು ಹೊಸಬರ ಮುಂದೆ ತಮ್ಮ ತಪ್ಪುಗಳನ್ನು ಸಂಕೋಚವಿಲ್ಲದೆ ಹೇಳಬೇಕು. ಕಾಲೇಜಿನ ಸೂಚನೆಗಳೂ, ನಾವು ಒಪ್ಪಿಸುವ ಪ್ರಬಂಧಗಳೂ, ಈ ವಾರ್ಷಿಕ ಸಂಚಿಕೆಗೆ ಬರುವ ಬರಹಗಳೂ ಯೂನಿಕೋಡಿನಲ್ಲಿಯೇ ಇರಬೇಕು. ಇದಕ್ಕೆ ಹಣದ ವೆಚ್ಚವೇನೂ ಇಲ್ಲ.

ಮನೆಗೆ ಗಣಕಯಂತ್ರವನ್ನು ತಂದ ದಿನ ತಂದೆಯವರು ಅದನ್ನು ಸುತ್ತಲೂ ನೋಡಿ, “ಜೋಡಿ ನೋಡಿದೆಯೇನವ್ವ?” ಎಂದು ಕೇಳಿದರು. “ನೋಡಿದೆ ಅಪ್ಪ” ಎಂದೆ. “ಹಾಗಾದರೆ ಸರಿ” ಎಂದು ರೇಷ್ಮೆ ಮನೆಯ ಕಡೆಗೆ ಹೊರಟುಹೋದರು. ಅವರಿಗೆ ನಾನು ಕೊಡಬೇಕಾಗಿದ್ದ ಲೆಕ್ಕ ಅಷ್ಟೆ. ಇದು ನನ್ನ ಅಲ್ಪಮತಿಗೆ ತೋರಿದ ವಿಚಾರ. ಬಲ್ಲವರು ತಪ್ಪಿದ್ದರೆ ತಿದ್ದಬೇಕೆಂದು ಬೇಡುತ್ತೇನೆ.

— ಅಂತಿಮ ಬಿ.ಎ. ವಿದ್ಯಾರ್ಥಿನಿ